ಫ್ರೀಟ್ ಕೇಳಬೇಕೋ, ಪತಾತ್ ಕೇಳಬೇಕೋ

ತಮ್ಮಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ಏಳು ವಾರವಾಯಿತು, ಮನೆ ಸಿಕ್ಕಿತು, ಸೈಕಲ್ ಕೊಂಡಾಯಿತು, ಕೆಲಸದಲ್ಲಿ ತೊಂದರೆಯಿಲ್ಲ ಎಂದಿದ್ದೀಯ. ತೊಂದರೆ ಬಂದದ್ದು ಊಟದ ಬಿಡುವಿನಲ್ಲಿ. ಕ್ಯಾಂಟೀನಿನಲ್ಲಿ ‘ಚಿಪ್ಸ್’ ಕೇಳಿದೆ, ಗಾಳಿ ತುಂಬಿದ ಪೊಟ್ಟಣವೊಂದು ಕೈಗೆ ಬಂತು. ನಿನಗೆ ಬೇಕಾಗಿದ್ದದ್ದು ಪಕ್ಕದವನ ತಟ್ಟೆಯಲ್ಲಿ ಹಬೆಯಾಡುತ್ತಿದ್ದ ಬೆರಳುದ್ದದ ಆಲೂಗಡ್ಡೆ ಹೋಳುಗಳು. ಮರುದಿನ ಮೊಬೈಲಿನಲ್ಲಿ ಹುಡುಕಿ ‘ಪತಾತ್’ ಎಂಬ ಪದವನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅದನ್ನು ಕೇಳಿ ಮೇಜಿನಲ್ಲಿದ್ದ ಇಬ್ಬರು ನಕ್ಕರು, ಮೂರನೆಯವಳು ಅವರ ಮೇಲೆ ಹರಿಹಾಯ್ದಳು, ನಿನಗೆ ಏನೊಂದೂ ಅರ್ಥವಾಗಲಿಲ್ಲ. ಈಗ ಅವರೆಲ್ಲ ಶುಕ್ರವಾರ ಸಂಜೆ ಜೊತೆಗೆ ಬಾ ಎಂದು ಕರೆಯುತ್ತಿದ್ದಾರೆ. ಮಾಂಸ ಮುಟ್ಟದ ನಾನು ಹೋಗಬಹುದೇ, ಹೋದರೆ ಏನೆಂದು ಕೇಳಬೇಕು, ಇಷ್ಟು ಸಣ್ಣದರಲ್ಲೇ ಎಡವಿದರೆ ಮುಂದೆ ಇಲ್ಲಿ ಬಾಳುವುದು ಹೇಗೆ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದಿರುವುದರಿಂದ ಏಕವಚನದಲ್ಲೇ ಬರೆಯುತ್ತೇನೆ.

ಮೊದಲು ಆ ನಗುವಿನ ವಿಷಯ. ಅವರು ನಕ್ಕದ್ದು ನಿನ್ನನ್ನು ನೋಡಿ ಅಲ್ಲ. ಈ ದೇಶದ ನಡುವೆ ರೈನ್, ವಾಲ್, ಮಾಸ್ ನದಿಗಳು ಅಡ್ಡಲಾಗಿ ಹರಿಯುತ್ತವೆ. ನದಿಗಳ ಮೇಲಿನವರು, ನದಿಗಳ ಕೆಳಗಿನವರು ಎಂದು ಇಲ್ಲಿಯ ಜನ ತಮ್ಮನ್ನು ತಾವೇ ಎರಡಾಗಿ ಹಂಚಿಕೊಂಡಿದ್ದಾರೆ. ಆಮ್‌ಸ್ಟರ್‌ಡಾಮ್ ಕಡೆಯವರಿಗೆ, ಅದಕ್ಕೂ ಉತ್ತರದವರಿಗೆ ಕರಿದ ಆಲೂಗಡ್ಡೆ ‘ಪತಾತ್’. ನಾವಿರುವ ಬ್ರಾಬಂಟ್ ಪ್ರಾಂತ್ಯದಲ್ಲಿ, ಪಕ್ಕದ ಲಿಂಬುರ್ಖ್ ಪ್ರಾಂತ್ಯದಲ್ಲಿ ಅದು ‘ಫ್ರೀಟ್’. ನೀನು ಬ್ರಾಬಂಟಿನಲ್ಲಿ ನಿಂತು ಉತ್ತರದವರ ಪದ ಹೇಳಿದೆ. ನಕ್ಕ ಇಬ್ಬರು ಇಲ್ಲಿಯವರು, ಸಿಟ್ಟಾದವಳು ನದಿಗಳ ಮೇಲಿನವಳು ಇರಬೇಕು. ನೀನು ಹುಟ್ಟುವ ಮೊದಲಿನಿಂದ ನಡೆಯುತ್ತಿರುವ ಜಗಳ ಅದು, ನೀನು ಅದಕ್ಕೆ ಆ ದಿನದ ನೆಪವಾದೆ, ಅಷ್ಟೇ.

ನಾನು ಈ ಊರಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅದಕ್ಕೂ ಮೊದಲು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎರಡು ವರ್ಷ ಇದ್ದೆ. ಹೊಸದಾಗಿ ಬಂದವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ವೀಸಾ, ತೆರಿಗೆ, ಮಕ್ಕಳ ಶಾಲೆ. ಅವುಗಳಿಗೆ ಉತ್ತರ ಸರ್ಕಾರದ ಜಾಲತಾಣದಲ್ಲೇ ಸಿಗುತ್ತದೆ. ನೀನು ಕೇಳಿರುವ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ, ಮತ್ತು ನನ್ನ ಅನುಭವದಲ್ಲಿ ಇದೇ ದೊಡ್ಡ ಪ್ರಶ್ನೆ. ಈ ಊರಿನಲ್ಲಿ ನಾನೂ ಒಬ್ಬಳು ಎಂದು ನನಗೆ ಮೊದಲು ಅನ್ನಿಸಿದ್ದು ಪೌರತ್ವದ ಪತ್ರ ಕೈಗೆ ಬಂದ ದಿನವಲ್ಲ. ಬೀದಿ ಮೂಲೆಯ ಫ್ರೀಟ್ ಅಂಗಡಿಯವನು ನನ್ನನ್ನು ಕಂಡೊಡನೆ, ನಾನು ಬಾಯಿ ತೆರೆಯುವ ಮೊದಲೇ, ನನ್ನ ಪೊಟ್ಟಣಕ್ಕೆ ಹೋಳುಗಳನ್ನು ತುಂಬತೊಡಗಿದ ದಿನ.

ಹೆಸರುಗಳ ಕಥೆ ಹೇಳುತ್ತೇನೆ, ಕೇಳು. ಫ್ರೆಂಚರಿಗೆ ಆಲೂಗಡ್ಡೆ ‘ಪೋಮ್ ದ ತೇರ್’. ನೆಲದ ಸೇಬು ಎಂದು ಅದರ ಅರ್ಥ. ಆಡುಮಾತಿನಲ್ಲಿ ಅದನ್ನೇ ‘ಪತಾತ್’ ಎನ್ನುತ್ತಾರೆ. ಕರಿದದ್ದು ‘ಫ್ರಿತ್’. ಹಾಗಾಗಿ ಕರಿದ ಆಲೂಗಡ್ಡೆ ‘ಪೋಮ್ ದ ತೇರ್ ಫ್ರಿತ್’, ಚಿಕ್ಕದಾಗಿ ‘ಪೋಮ್ ಫ್ರಿತ್’, ಇಲ್ಲವೇ ‘ಪತಾತ್ ಫ್ರಿತ್’. ಇಷ್ಟು ಉದ್ದದ ಹೆಸರನ್ನು ಹಸಿದ ಹೊಟ್ಟೆಯಲ್ಲಿ ಯಾರು ಇಡಿಯಾಗಿ ಹೇಳುತ್ತಾರೆ? ಅದು ತುಂಡಾಯಿತು, ಒಬ್ಬೊಬ್ಬರು ಒಂದೊಂದು ತುಂಡನ್ನು ಎತ್ತಿಕೊಂಡರು. ಫ್ರೆಂಚರು ಹಿಂದಿನ ತುಂಡನ್ನು ಉಳಿಸಿಕೊಂಡು ಬರಿಯ ‘ಫ್ರಿತ್’ ಎಂದರು. ಬೆಲ್ಜಿಯಂನ ಡಚ್ ಮಾತಿನವರೂ ನಮ್ಮ ಬ್ರಾಬಂಟಿನವರೂ ಅದನ್ನೇ ‘ಫ್ರೀಟ್’ ಮಾಡಿಕೊಂಡರು. ಉತ್ತರದ ಡಚ್ಚರು ಮುಂದಿನ ತುಂಡು ಹಿಡಿದು ‘ಪತಾತ್’ ಎಂದರು. ಜರ್ಮನರಿಗೆ ಸಿಕ್ಕಿದ್ದು ‘ಪೋಮ್’. ಬರೆದಿರುವ ಅಕ್ಷರಗಳನ್ನೆಲ್ಲ ಬಿಡದೆ ಉಚ್ಚರಿಸಿ ಅವರು ಅದನ್ನು ‘ಪೊಮ್ಮೆಸ್’ ಮಾಡಿದರು. ಇಲ್ಲಿಂದ ಎರಡು ಗಂಟೆಯ ದಾರಿಯಲ್ಲಿರುವ ಕೊಲೋನ್‌ನಲ್ಲಿ ಒಬ್ಬ ಹುಡುಗ ‘ಪೊಮ್ಮೆಸ್’ ಕೇಳಿದರೆ, ಫ್ರೆಂಚ್ ಪದದ ಪ್ರಕಾರ ಅವನು ಕೇಳುತ್ತಿರುವುದು ಸೇಬುಗಳನ್ನು. ಆದರೆ ಅವನ ಕೈಗೆ ಬರುವುದು ಕರಿದ ಆಲೂಗಡ್ಡೆಯೇ. ಒಂದೇ ಹೆಸರಿನ ಮೂರು ಚೂರುಗಳು ಮೂರು ನಾಡುಗಳಲ್ಲಿ ಪೂರ್ಣ ಹೆಸರುಗಳಾಗಿ ಬಾಳುತ್ತಿವೆ. ಇದನ್ನು ತಿಳಿದ ದಿನ ನನಗೆ ಆದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ನೀನು ನಿನ್ನ ಮನೆಗೇ ಬಂದು ತಲುಪುತ್ತೀಯ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳು. ಅಲ್ಲಿಯ ಕೆಚುವಾ ಭಾಷೆಯಲ್ಲಿ ಅದು ‘ಪಾಪಾ’. ಸ್ಪ್ಯಾನಿಷ್ ಮಾತಿನ ಲ್ಯಾಟಿನ್ ಅಮೆರಿಕದಲ್ಲಿ ಈಗಲೂ ‘ಪಾಪಾಸ್ ಫ್ರೀತಾಸ್’ ಎಂದೇ ಕೇಳಬೇಕು. ಕೆರಿಬಿಯನ್ ದ್ವೀಪಗಳಲ್ಲಿ ಗೆಣಸಿಗೆ ಇದ್ದ ಹೆಸರು ‘ಬತಾತ’. ಸ್ಪೇನಿನವರ ಬಾಯಲ್ಲಿ ಇವೆರಡೂ ಬೆರೆತು ‘ಪತಾತ’ ಹುಟ್ಟಿತು. ಇಂಗ್ಲಿಷಿನ ಪೊಟೇಟೊ ಬಂದದ್ದು ಆ ಕುಟುಂಬದಿಂದಲೇ. ಪೋರ್ಚುಗೀಸರು ‘ಬತಾತ’ವನ್ನೇ ಉಳಿಸಿಕೊಂಡು ಹಡಗಿನಲ್ಲಿ ನಮ್ಮ ಕಡಲ ತೀರಕ್ಕೆ ತಂದರು. ಅದೇ ನಮ್ಮ ‘ಬಟಾಟೆ’. ಯಾವ ಪದಕ್ಕೆ ನಿನ್ನ ಸಹೋದ್ಯೋಗಿಗಳು ನಕ್ಕರೋ ಆ ‘ಪತಾತ್’, ಕನ್ನಡದ ‘ಬಟಾಟೆ’ಯ ಒಡಹುಟ್ಟು. ಹೊರಗಿನವನಂತೆ ನಿಂತಿದ್ದೆ ಎಂದು ಬರೆದೆಯಲ್ಲ, ಆ ಮೇಜಿನಲ್ಲಿ ಆ ಪದದ ನೆಂಟನಿದ್ದರೆ ಅದು ನೀನೇ.

ಹೆಸರಿಟ್ಟವರೆಲ್ಲ ತಮಗೆ ಮೊದಲೇ ಗೊತ್ತಿದ್ದ ಯಾವುದನ್ನೋ ನೆನೆದೇ ಇಟ್ಟಿದ್ದಾರೆ. ಡಚ್ಚರ ‘ಆರ್ಡಪ್ಪೆಲ್’ ಎಂದರೂ ನೆಲದ ಸೇಬು, ಪರ್ಷಿಯನ್ನರ ‘ಸೀಬ್ ಜಮೀನಿ’ ಎಂದರೂ ನೆಲದ ಸೇಬು. ಜರ್ಮನರ ‘ಕಾರ್ಟೊಫೆಲ್’ ಬಂದದ್ದು ನೆಲದಡಿ ಬೆಳೆಯುವ ಒಂದು ಅಣಬೆಗೆ ಇಟಲಿಯವರು ಇಟ್ಟ ಹೆಸರಿನಿಂದ. ವಿಯೆಟ್ನಾಮಿನಲ್ಲಿ ಅದು ‘ಪಶ್ಚಿಮದ ಗೆಡ್ಡೆ’. ಜಪಾನಿಗೆ ಡಚ್ ಹಡಗುಗಳು ಜಾವಾ ದ್ವೀಪದ ಜಕಾರ್ತಾದಿಂದ ಆಲೂಗಡ್ಡೆಯನ್ನು ಒಯ್ದವು. ಜಕಾರ್ತಾವನ್ನು ಜಪಾನೀಯರು ‘ಜಗತಾರ’ ಎನ್ನುತ್ತಿದ್ದರು. ಹಾಗಾಗಿ ಅಲ್ಲಿ ಅದು ‘ಜಗಾಇಮೊ’, ಜಗತಾರದ ಗೆಡ್ಡೆ. ಬಂದ ದಾರಿಯನ್ನು ಹೆಸರಿನಲ್ಲೇ ಹೊತ್ತುಕೊಂಡಿದ್ದರೂ ಅದನ್ನು ಇಂದು ಯಾರೂ ಪರದೇಶಿ ಎನ್ನುವುದಿಲ್ಲ.

ಈಗ ‘ಚಿಪ್ಸ್’ ಪದಕ್ಕೆ ಬರುತ್ತೇನೆ. ನೀನು ತಪ್ಪು ಪದ ಹೇಳಿದೆ ಎಂದುಕೊಳ್ಳಬೇಡ. ಚಿಪ್ ಎಂದರೆ ಚಕ್ಕೆ, ಕೆತ್ತಿದಾಗ ಹಾರುವ ಚೂರು. ಬ್ರಿಟನ್ನಿನಲ್ಲಿ ಚಿಪ್ಸ್ ಎಂದರೆ ನೀನು ಬಯಸಿದ ಬಿಸಿ, ದಪ್ಪ ಹೋಳುಗಳೇ. ಪೊಟ್ಟಣದಲ್ಲಿ ಬರುವ ತೆಳು ಬಿಲ್ಲೆಗಳು ಅಲ್ಲಿ ‘ಕ್ರಿಸ್ಪ್ಸ್’. ಅಮೆರಿಕದಲ್ಲಿ ಅದು ತಿರುವುಮುರುವಾಗುತ್ತದೆ: ಬಿಲ್ಲೆಗಳು ಚಿಪ್ಸ್, ಬಿಸಿ ಹೋಳುಗಳು ಫ್ರೈಸ್. ಡಚ್ಚರೂ ಜರ್ಮನರೂ ಫ್ರೆಂಚರೂ ಈ ವಿಷಯದಲ್ಲಿ ಅಮೆರಿಕದ ಪಕ್ಷ. ಆಸ್ಟ್ರೇಲಿಯಾದಲ್ಲಿ ಎರಡೂ ಚಿಪ್ಸ್ ಆದ್ದರಿಂದ ಗೊಂದಲವಾಗುವಲ್ಲಿ ‘ಹಾಟ್ ಚಿಪ್ಸ್’ ಎನ್ನುತ್ತಾರೆ. ಅದೇ ದೇಶದಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದ ಆಲೂಗಡ್ಡೆಯ ದಪ್ಪ ಬಿಲ್ಲೆಗೆ ವಿಕ್ಟೋರಿಯಾದವರು ಪೊಟೇಟೊ ಕೇಕ್ ಎಂದರೆ ಸಿಡ್ನಿ ಕಡೆಯವರು ಸ್ಕ್ಯಾಲಪ್ ಎನ್ನುತ್ತಾರೆ. ಮೆಲ್ಬರ್ನ್‌ನಲ್ಲಿರುವ ನನ್ನ ಗೆಳತಿಯ ಮನೆಯಲ್ಲಿ ಗಂಡ ಹೆಂಡತಿ ಇದಕ್ಕಾಗಿ ಇಂದಿಗೂ ವಾದಿಸುತ್ತಾರೆ. ಐರ್ಲೆಂಡಿನ ಟೇಟೊ ಎಂಬ ಕಂಪನಿ 1954ರಲ್ಲಿ ಆರಂಭವಾಗಿ, ಚೀಸ್ ಮತ್ತು ಈರುಳ್ಳಿಯ ರುಚಿ ಬೆರೆಸಿದ ಬಿಲ್ಲೆಗಳನ್ನು ಮಾರಿ ಹೆಸರಾಯಿತು. ಅಲ್ಲಿ ಬಹಳ ಜನ ಯಾವ ಕಂಪನಿಯ ಪೊಟ್ಟಣಕ್ಕೂ ಟೇಟೊ ಎಂದೇ ಹೇಳುತ್ತಾರೆ. ಈ ತೆಳು ಬಿಲ್ಲೆ ಹುಟ್ಟಿದ್ದು 1853ರಲ್ಲಿ ಅಮೆರಿಕದ ಸಾರಟೋಗ ಸ್ಪ್ರಿಂಗ್ಸ್‌ನಲ್ಲಿ, ಮುನಿದ ಬಾಣಸಿಗನೊಬ್ಬನ ಕೈಯಲ್ಲಿ ಎಂಬ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡ. 1817ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲೇ ಆಲೂಗಡ್ಡೆಯನ್ನು ತೆಳುವಾಗಿ ಹೆರೆದು ಕರಿಯುವ ಬಗೆ ಇದೆ.

ಲೀಡ್ಸ್‌ನ ನನ್ನ ಎರಡು ವರ್ಷಗಳನ್ನು ನೆನೆದರೆ ಮೊದಲು ಮೂಗಿಗೆ ಬರುವುದು ವಿನೆಗರ್ ವಾಸನೆ. ಮಳೆ ಸುರಿಯುವ ಸಂಜೆ, ನಾಲ್ಕು ಗಂಟೆಗೇ ಕತ್ತಲು, ಬಸ್ ನಿಲ್ದಾಣದ ಎದುರಿನ ಚಿಪ್ಸ್ ಅಂಗಡಿ. ಕಟ್ಟೆಯ ಹಿಂದಿನ ಹೆಂಗಸು ಬಂದವರೆಲ್ಲರನ್ನೂ, ಅರವತ್ತರ ಮುದುಕರನ್ನೂ ಬಿಡದೆ, ‘ಲವ್’ ಎಂದು ಕರೆಯುತ್ತಿದ್ದಳು. “ಉಪ್ಪು, ವಿನೆಗರ್ ಹಾಕಲೇ, ಲವ್?” ಆ ಊರಿನಲ್ಲಿ ಇಡೀ ದಿನ ನನ್ನೊಡನೆ ಯಾರೂ ಮಾತನಾಡದ ದಿನಗಳಿದ್ದವು, ಆ ಒಂದು ಪ್ರಶ್ನೆಗಾಗಿಯೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಚಿಪ್ಸನ್ನು ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಇಟ್ಟರೆ ಅದು ‘ಚಿಪ್ ಬಟಿ’. ಬಿಸಿಗೆ ಬೆಣ್ಣೆ ಕರಗಿ ಮೊಣಕೈವರೆಗೆ ಇಳಿಯುತ್ತದೆ. ಪಿಷ್ಟದ ಜೊತೆ ಪಿಷ್ಟವೇ ಎಂದು ಮೂಗು ಮುರಿಯುವವರಿದ್ದಾರೆ. ಚಳಿಯಲ್ಲಿ ಹಸಿದು ಬಂದು ಒಮ್ಮೆ ತಿಂದು ನೋಡಲಿ ಅವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲಕ್ಕೂ ಪಡಿತರ ಚೀಟಿ ಬಂದಾಗಲೂ ಮೀನು ಮತ್ತು ಚಿಪ್ಸಿಗೆ ಸರ್ಕಾರ ಪಡಿತರ ಹೇರಲಿಲ್ಲ. ಅದನ್ನು ಕಿತ್ತುಕೊಂಡರೆ ದುಡಿಯುವ ಜನರ ಧೈರ್ಯ ಉಡುಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಅಲ್ಲಿಯೇ ನನಗೆ ದೊಡ್ಡ ನೋವೂ ಆಯಿತು. ಐದು ತಿಂಗಳು ಆ ಅಂಗಡಿಯಲ್ಲಿ ತಿಂದ ಮೇಲೆ ಒಂದು ದಿನ ಬಿಳಿಯ ಕೊಬ್ಬಿನ ಇಟ್ಟಿಗೆಯಂಥ ಗಟ್ಟಿಯನ್ನು ಬಾಣಲೆಗೆ ಇಳಿಸುವುದನ್ನು ಕಂಡೆ. ಯಾರ್ಕ್‌ಶರ್ ಕಡೆ ಚಿಪ್ಸ್ ಕರಿಯುವುದು ಹೆಚ್ಚಾಗಿ ಗೋವಿನ ಕೊಬ್ಬಿನಲ್ಲಿ. ಅದನ್ನು ‘ಡ್ರಿಪಿಂಗ್’ ಎನ್ನುತ್ತಾರೆ. ಅವರು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ, ಗೋಡೆಯ ಮೇಲೆ ಹೆಮ್ಮೆಯಿಂದ ಬರೆದೇ ಇತ್ತು. ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಅತ್ತೆ. ಒಂದು ಗೆಡ್ಡೆಯ ಹೋಳಿನಲ್ಲಿ ಮಾಂಸ ಹೇಗೆ ಬಂದೀತು ಎಂದು ಕೇಳುವುದೇ ನನಗೆ ಹೊಳೆದಿರಲಿಲ್ಲ. ನಿನಗೆ ಹಾಗಾಗಬಾರದು ಎಂದೇ ಇಷ್ಟು ಉದ್ದ ಬರೆಯುತ್ತಿರುವುದು.

ಅಮೆರಿಕಕ್ಕೆ ಹೋದವರಿಗೂ ಇದು ಆಗಿದೆ. ಅಲ್ಲಿಯ ಅತಿ ದೊಡ್ಡ ಹ್ಯಾಂಬರ್ಗರ್ ಸರಣಿಯೊಂದು 1990ರಲ್ಲಿ ಗೋವಿನ ಕೊಬ್ಬನ್ನು ಬಿಟ್ಟು ಸಸ್ಯದ ಎಣ್ಣೆಗೆ ಬದಲಾಯಿತು. ಹಾಗೆಂದು ಕೇಳಿ ನೆಮ್ಮದಿಯಾಗಿ ತಿಂದವರಿಗೆ, ರುಚಿಗಾಗಿ ಗೋಮಾಂಸದ ಸಾರವನ್ನು ಆಮೇಲೂ ಬೆರೆಸುತ್ತಿದ್ದರು ಎಂಬುದು ವರ್ಷಗಳ ನಂತರ ತಿಳಿಯಿತು. 2001ರಲ್ಲಿ ಸಸ್ಯಾಹಾರಿಗಳು ಮೊಕದ್ದಮೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಹೆಸರು ನೋಡಿದರೆ ಆಲೂಗಡ್ಡೆ, ಬಣ್ಣ ನೋಡಿದರೆ ಆಲೂಗಡ್ಡೆ. ಎಣ್ಣೆಯನ್ನು ಮಾತ್ರ ಬಾಯಿಬಿಟ್ಟು ಕೇಳಲೇಬೇಕು.

ಅಮೆರಿಕದವರು ಇದನ್ನು ‘ಫ್ರೆಂಚ್ ಫ್ರೈಸ್’ ಎನ್ನುವುದು ಬೆಲ್ಜಿಯಂನವರಿಗೆ ನುಂಗಲಾರದ ತುತ್ತು. ಒಂದನೇ ಮಹಾಯುದ್ಧದಲ್ಲಿ ಬಂದ ಅಮೆರಿಕನ್ ಸೈನಿಕರು, ಬೆಲ್ಜಿಯಂನ ಸೈನಿಕರು ಫ್ರೆಂಚ್ ಮಾತನಾಡುವುದನ್ನು ಕೇಳಿ, ಅವರ ತಿಂಡಿಗೆ ಫ್ರೆಂಚ್ ಎಂಬ ಹೆಸರಿಟ್ಟರು ಎಂದು ಆಂಟ್‌ವರ್ಪ್‌ನ ನನ್ನ ಸಹೋದ್ಯೋಗಿ ಹೇಳುತ್ತಾನೆ. ಆದರೆ 1856ರ ಇಂಗ್ಲಿಷ್ ಅಡುಗೆ ಪುಸ್ತಕದಲ್ಲೇ ‘ಫ್ರೆಂಚ್ ಫ್ರೈಡ್ ಪೊಟೇಟೋಸ್’ ಎಂಬ ಮಾತು ಇದೆ, ಯುದ್ಧಕ್ಕಿಂತ ಅರವತ್ತು ವರ್ಷ ಮೊದಲು. ಹೆಸರಿನ ಮೇಲೆ ಸಿಟ್ಟು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆಯಿದೆ. ಇರಾಕ್ ಯುದ್ಧವನ್ನು ಫ್ರಾನ್ಸ್ ವಿರೋಧಿಸಿತೆಂದು 2003ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಯ ಕ್ಯಾಂಟೀನುಗಳಲ್ಲಿ ಅದಕ್ಕೆ ‘ಫ್ರೀಡಂ ಫ್ರೈಸ್’ ಎಂದು ಹೆಸರು ಬದಲಿಸಿದರು. 2006ರಲ್ಲಿ ಸದ್ದಿಲ್ಲದೆ ಹಳೆಯ ಹೆಸರು ಮರಳಿತು. ಜನರ ನಾಲಿಗೆಯ ಮೇಲೆ ಕುಳಿತ ಹೆಸರನ್ನು ಆಜ್ಞೆ ಹೊರಡಿಸಿ ಇಳಿಸಲಾಗುವುದಿಲ್ಲ.

ಬೆಲ್ಜಿಯಂ ಇಲ್ಲಿಂದ ಅರ್ಧ ಗಂಟೆಯ ದಾರಿ. ಬಿಡುವಾದಾಗ ಹೋಗು. ನನ್ನ ಡಚ್ ಗೆಳೆಯರು ಬೇಸರಪಟ್ಟರೂ ಸರಿ, ಹೇಳಿಬಿಡುತ್ತೇನೆ: ಕರಿದ ಆಲೂಗಡ್ಡೆಯನ್ನು ಬೆಲ್ಜಿಯಂನವರಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಕಂಡಿಲ್ಲ. ಅಲ್ಲಿ ಚೌಕದಲ್ಲೋ ಚರ್ಚಿನ ಪಕ್ಕದಲ್ಲೋ ನಿಂತಿರುವ ಗೂಡಂಗಡಿಗೆ ‘ಫ್ರೀಟ್‌ಕೊಟ್’ ಎನ್ನುತ್ತಾರೆ. ‘ಕೊಟ್’ ಎಂದರೆ ಗುಡಿಸಲು, ಗೂಡು. ವಕೀಲನೂ ರಸ್ತೆ ಅಗೆಯುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 2014ರಲ್ಲಿ ಫ್ಲಾಂಡರ್ಸ್ ಪ್ರದೇಶ ಈ ಗೂಡಂಗಡಿಯ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರೂಹೆ ಊರಿನಲ್ಲಿ ಫ್ರೀಟ್‌ಗೆಂದೇ 2008ರಿಂದ ಒಂದು ವಸ್ತುಸಂಗ್ರಹಾಲಯವಿದೆ. ಒಂದು ಎಚ್ಚರಿಕೆ: ಅಲ್ಲಿ ‘ಪತಾತ್’ ಎನ್ನಬೇಡ. ಫ್ಲಾಂಡರ್ಸಿನ ಆಡುಮಾತಿನಲ್ಲಿ ಪತಾತ್ ಎಂದರೆ ಆಲೂಗಡ್ಡೆ ಮಾತ್ರ, ಕರಿಯದೆ ಉಳಿದದ್ದು. ಇನ್ನೊಂದು, ಇದು ನಿನಗೆ ಮುಖ್ಯವಾದದ್ದು: ಅಲ್ಲಿಯ ಒಳ್ಳೆಯ ಅಂಗಡಿಗಳಲ್ಲಿ ಅನೇಕವು ಇಂದಿಗೂ ಗೋವಿನ ಕೊಬ್ಬಿನಲ್ಲೇ ಕರಿಯುತ್ತವೆ. ಅದಕ್ಕೆ ‘ಒಸ್ಸೆನ್‌ವಿಟ್’, ಎತ್ತಿನ ಬಿಳುಪು, ಎಂಬ ಹೆಸರಿದೆ. ಸಸ್ಯದ ಎಣ್ಣೆಯ ಅಂಗಡಿಗಳೂ ಇವೆ, ಕೇಳಿ ಹುಡುಕಿಕೊಳ್ಳಬೇಕು.

ಅವರ ರಹಸ್ಯ ಎರಡು ಸಲ ಕರಿಯುವುದು. ಬೆರಳಷ್ಟು ದಪ್ಪ ಹೆಚ್ಚಿದ ಹೋಳುಗಳನ್ನು ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರಸಿ, ಮೊದಲು ಸುಮಾರು 150 ಡಿಗ್ರಿ ಬಿಸಿಯ ಎಣ್ಣೆಯಲ್ಲಿ ಐದಾರು ನಿಮಿಷ ಬಿಡುತ್ತಾರೆ. ಆಗ ಒಳಗಿನ ಪಿಷ್ಟ ಬೆಂದು ಮೆತ್ತಗಾಗುತ್ತದೆ, ಬಣ್ಣ ಬರುವುದಿಲ್ಲ. ತೆಗೆದು ಅರ್ಧ ಗಂಟೆಯಾದರೂ ಆರಲು ಬಿಡುತ್ತಾರೆ. ಗಿರಾಕಿ ಬಂದ ಮೇಲೆ 180 ಡಿಗ್ರಿಯಲ್ಲಿ ಎರಡು ನಿಮಿಷ. ಹೊರಗಿನ ತೇವ ಹಾರಿಹೋಗಿ ಗರಿಗರಿಯಾದ ಕವಚ ಕಟ್ಟುತ್ತದೆ, ಒಳಗೆ ಹಿಟ್ಟಿನಂತೆ ಬಿರಿಯುತ್ತದೆ. ಒಂದೇ ಸಲ ಕರಿದರೆ ಹೊರಗೆ ಸೀದು ಒಳಗೆ ಹಸಿ, ಇಲ್ಲವೇ ಪೂರ್ತಿ ಜೋಲು. ದಕ್ಷಿಣ ಆಫ್ರಿಕಾದವರಿಗೆ ಆ ಜೋಲುತನವೇ ಇಷ್ಟ. ಅಲ್ಲಿ ಅದರ ಹೆಸರೇ ‘ಸ್ಲಪ್ ಚಿಪ್ಸ್’, ಜೋಲು ಚಿಪ್ಸ್, ಮೇಲೆ ಧಾರಾಳ ವಿನೆಗರ್. ಮನೆಯಲ್ಲಿ ಮಾಡುವುದಾದರೆ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಎಣ್ಣೆಗೆ ಬಿದ್ದೊಡನೆ ಕಪ್ಪಾಗುತ್ತದೆ. ಹಾಗೆ ಕಪ್ಪಾದಷ್ಟೂ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಹೆಚ್ಚು. ಹೊಂಬಣ್ಣಕ್ಕೆ ನಿಲ್ಲಿಸಿಬಿಡು.

ಮತ್ತೊಂದು ಹೆಸರಿನ ಕಥೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಬೆಲ್ಜಿಯಂನವರು ಫ್ರೀಟ್‌ಗೆ ಆರಿಸುವ ಹಳೆಯ ತಳಿ ‘ಬಿಂಟ್ಯೆ’. ಅದು ಹುಟ್ಟಿದ್ದು ನಮ್ಮ ದೇಶದಲ್ಲಿ, ಉತ್ತರದ ಫ್ರೀಸ್‌ಲಾಂಡ್ ಪ್ರಾಂತ್ಯದಲ್ಲಿ, 1905ರ ಸುಮಾರಿಗೆ. ಅದನ್ನು ಬೆಳೆಸಿದವರು ಕೊರ್ನೆಲಿಸ್ ದ ಫ್ರೀಸ್ ಎಂಬ ಶಾಲಾ ಮಾಸ್ತರರು. ತಾವು ಬೆಳೆಸಿದ ತಳಿಗಳಿಗೆ ತಮ್ಮ ಮಕ್ಕಳ ಹೆಸರನ್ನೇ ಇಡುತ್ತಿದ್ದರಂತೆ. ಮಕ್ಕಳ ಹೆಸರುಗಳೆಲ್ಲ ಮುಗಿದಿದ್ದರಿಂದ ಈ ತಳಿಗೆ ತಮ್ಮ ತರಗತಿಯಲ್ಲಿ ಓದಿದ್ದ ಹುಡುಗಿ ಬಿಂಟ್ಯೆಯ ಹೆಸರನ್ನು ಇಟ್ಟರು. ಹಳ್ಳಿ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದ ಆ ಹುಡುಗಿಯ ಹೆಸರು ಇಂದು ಯುರೋಪಿನ ಮಾರುಕಟ್ಟೆಗಳಲ್ಲಿ ಚೀಲಗಳ ಮೇಲಿದೆ.

ಮೇಲೆ ಏನು ಹಾಕಿಕೊಳ್ಳುತ್ತಾರೆ ಎಂಬುದೂ ಒಂದು ಭಾಷೆ. ಇಲ್ಲಿ ‘ಮೆಟ್’ ಎಂದರೆ ‘ಜೊತೆಗೆ’ ಎಂದರ್ಥ. ಯಾವುದರ ಜೊತೆಗೆ ಎಂದು ಯಾರೂ ಹೇಳುವುದಿಲ್ಲ, ಮೇಯನೇಸ್ ಎಂದು ಎಲ್ಲರಿಗೂ ಗೊತ್ತು. ‘ಝೋಂಡರ್’ ಎಂದರೆ ‘ಇಲ್ಲದೆ’. ಮೇಯನೇಸಿನಲ್ಲಿ ಮೊಟ್ಟೆಯಿದೆ, ನೆನಪಿರಲಿ. ‘ಓರ್ಲೊಖ್’ ಎಂದರೆ ಯುದ್ಧ. ಮೇಯನೇಸ್, ಕಡಲೆಕಾಯಿಯ ಗೊಜ್ಜು, ಹಸಿ ಈರುಳ್ಳಿ ಒಂದರ ಮೇಲೊಂದು ಬಿದ್ದು ಆ ತಟ್ಟೆ ರಣರಂಗದಂತೆ ಕಾಣುವುದರಿಂದ ಆ ಹೆಸರು ಎನ್ನುತ್ತಾರೆ. ಆ ಕಡಲೆಕಾಯಿಯ ಗೊಜ್ಜು ಬಂದದ್ದು ಇಂಡೋನೇಷ್ಯಾದಿಂದ. ಆ ದ್ವೀಪಗಳನ್ನು ಡಚ್ಚರು ಶತಮಾನಗಳ ಕಾಲ ಆಳಿದರು, ಬಿಟ್ಟುಕೊಟ್ಟದ್ದು 1949ರಲ್ಲಿ, ನಾಲ್ಕು ವರ್ಷ ಕಾದಾಡಿದ ಮೇಲೆ. ಫ್ರೀಟ್ ತಿನ್ನುವವರೆಲ್ಲ ಆ ಇತಿಹಾಸವನ್ನೂ ತಿಳಿದಿರಬೇಕು ಎಂದು ನಾನು ಬಯಸುತ್ತೇನೆ. ‘ಕರ್ರಿ’ ಎಂಬ ಡಬ್ಬಿ ಕಂಡು ಆಸೆಪಡಬೇಡ, ಅದು ಮಸಾಲೆ ಬೆರೆತ ಸಿಹಿ ಟೊಮೆಟೊ ಸಾಸ್. ಜರ್ಮನಿಯ ರೂರ್ ಪ್ರದೇಶದಲ್ಲಿ ಕೆಂಪು ಕೆಚಪ್ಪನ್ನೂ ಬಿಳಿ ಮೇಯನೇಸನ್ನೂ ಒಟ್ಟಿಗೆ ಹಾಕಿದರೆ ಅದು ‘ಪೊಮ್ಮೆಸ್ ಶ್ರಾಂಕೆ’, ಅಂದರೆ ರೈಲ್ವೆ ಗೇಟಿನ ಕೆಂಪು ಬಿಳಿ ಅಡ್ಡಗಂಬ. ಗಣಿ, ರೈಲು, ಉಕ್ಕಿನ ನಾಡಿನವರಿಗೆ ಬೇರೆ ಯಾವ ಹೋಲಿಕೆ ಹೊಳೆದೀತು!

ಬಲ್ಗೇರಿಯಾದಲ್ಲಿ ತುರಿದ ಬಿಳಿ ಚೀಸ್, ವಿಯೆಟ್ನಾಮಿನಲ್ಲಿ ಬೆಣ್ಣೆ ಮತ್ತು ಸಕ್ಕರೆ, ತಾಂಜಾನಿಯಾದಲ್ಲಿ ಮೊಟ್ಟೆ ಒಡೆದು ಹಾಕಿ ಆಮ್ಲೆಟ್ಟಿನಂತೆ ಮಾಡಿದ ‘ಚಿಪ್ಸಿ ಮಾಯಾಯಿ’. ಕೆನಡಾದ ಕ್ವೆಬೆಕ್‌ನಲ್ಲಿ 1950ರ ದಶಕದಲ್ಲಿ ಹುಟ್ಟಿದ ‘ಪುಟೀನ್’ ಇದೆ: ಹೋಳುಗಳ ಮೇಲೆ ತಾಜಾ ಚೀಸಿನ ಗಟ್ಟಿಗಳು, ಅದರ ಮೇಲೆ ಬಿಸಿ ಸಾರು. ಗಟ್ಟಿ ತಾಜಾ ಆಗಿದ್ದರೆ ಹಲ್ಲಿಗೆ ಸಿಕ್ಕಾಗ ಕೀಚೆನ್ನಬೇಕು. ಆ ಸಾರು ಸಾಮಾನ್ಯವಾಗಿ ಮಾಂಸದ್ದು; ಅಲ್ಲಿರುವ ನನ್ನ ನಾದಿನಿ ಅಣಬೆಯ ಸಾರಿನಲ್ಲಿ ಮಾಡಿಸಿಕೊಂಡು ತಿನ್ನುತ್ತಾಳೆ.

ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಖಂಡಿತ ಹೋಗು. ಬ್ರಾಬಂಟಿನ ಬಹಳ ಮನೆಗಳಲ್ಲಿ ಶುಕ್ರವಾರ ಸಂಜೆ ಒಲೆ ಹಚ್ಚುವುದಿಲ್ಲ, ಫ್ರೀಟ್ ತರಿಸುತ್ತಾರೆ. ಆ ಸಂಜೆಗೆ ಕರೆದಿದ್ದಾರೆ ಎಂದರೆ ತಮ್ಮ ವಾರದ ಅಂತ್ಯದೊಳಕ್ಕೆ ನಿನ್ನನ್ನು ಕರೆದಿದ್ದಾರೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಲೀಡ್ಸ್‌ನ ಗಾಯ ಮಾಯದೆ, ಎಂಟು ತಿಂಗಳು ಯಾರು ಕರೆದರೂ ಹೋಗಲಿಲ್ಲ. ತಲೆನೋವು ಎಂದೆ, ಕೆಲಸವಿದೆ ಎಂದೆ. ಕೊನೆಗೆ ಅವರು ಕರೆಯುವುದನ್ನು ಬಿಟ್ಟರು. ಆಗ ನೊಂದು, ಒಬ್ಬಳೇ ಮೂಲೆಯ ಅಂಗಡಿಗೆ ಹೋಗಿ ಅರೆಬರೆ ಡಚ್ಚಿನಲ್ಲಿ ಕೇಳಿದೆ. ಅಂಗಡಿಯವನು ಒಳಗಿನಿಂದ ಎಣ್ಣೆಯ ಡಬ್ಬವನ್ನೇ ಎತ್ತಿ ತಂದು, ಲೇಬಲ್ಲಿನ ಮೇಲೆ ಬೆರಳಿಟ್ಟು ಓದಿಸಿದ. ಸೂರ್ಯಕಾಂತಿ. ಮಾಂಸದ ತಿಂಡಿಗಳಿಗೆ ಬೇರೆ ಬಾಣಲೆ ಇದೆ ಎಂದು ಅದನ್ನೂ ತೋರಿಸಿದ. ಎಂಟು ತಿಂಗಳ ಸಂಕೋಚ ಎರಡು ನಿಮಿಷದಲ್ಲಿ ಮುಗಿದಿತ್ತು.

ಆ ವಾಕ್ಯವನ್ನು ನಿನಗೂ ಕೊಡುತ್ತೇನೆ: “ವಾರಿನ್ ಬಾಕ್ಕೆನ್ ಯೂಲಿ ದೆ ಫ್ರೀಟ್?” ಯಾವುದರಲ್ಲಿ ಕರಿಯುತ್ತೀರಿ ಎಂದು. ಉತ್ತರದಲ್ಲಿ ‘ಪ್ಲಾಂಟ್‌ಆರ್ಡಿಖ್’ ಎಂದು ಕೇಳಿಸಿದರೆ ಸಸ್ಯದ ಎಣ್ಣೆ. ‘ರುಂಡ್‌ವೆಟ್’ ಎಂದರೆ ಗೋವಿನ ಕೊಬ್ಬು, ಧನ್ಯವಾದ ಹೇಳಿ ಕುಡಿಯಲು ಏನಾದರೂ ತೆಗೆದುಕೊ. ಬಾಣಲೆ ಬೇರೆ ಇದೆಯೇ ಎಂದೂ ಕೇಳು, ಯಾರೂ ತಪ್ಪು ತಿಳಿಯುವುದಿಲ್ಲ. ಕಂದು ಬಣ್ಣದ ಉದ್ದನೆಯ ‘ಫ್ರಿಕಂಡೆಲ್’ ಮಾಂಸದ್ದು, ‘ಕ್ರೊಕೆಟ್’ ಕೂಡ ಹೆಚ್ಚಾಗಿ ಮಾಂಸದ್ದು. ಚೀಸ್ ತುಂಬಿ ಕರಿದ ‘ಕಾಸ್‌ಸೂಫ್ಲೇ’ ನಿನಗಾದೀತು, ಅದನ್ನೂ ಬೇರೆ ಬಾಣಲೆಯಲ್ಲಿ ಕರಿದಿದ್ದರೆ.

ಕೌಂಟರಿನಲ್ಲಿ ‘ಫ್ರೀಟ್ ಝೋಂಡರ್’ ಎನ್ನು. ಕಾಗದದ ಕೊಳವೆಯಂಥ ಪೊಟ್ಟಣದಲ್ಲಿ ಕೊಡುತ್ತಾರೆ, ಜೊತೆಗೆ ಪುಟ್ಟ ಫೋರ್ಕ್ ಇರುತ್ತದೆ. ಕೈಯಲ್ಲಿ ತಿಂದರೂ ಸರಿ, ಅರ್ಧ ಜನ ಹಾಗೆಯೇ ತಿನ್ನುತ್ತಾರೆ. ಯಾರಾದರೂ ತಮ್ಮ ಪೊಟ್ಟಣವನ್ನು ನಿನ್ನತ್ತ ಚಾಚಿದರೆ ಒಂದು ಹೋಳು ತೆಗೆದುಕೊ, ಎರಡು ಬೇಡ. ನಿನ್ನ ಪರ ವಾದಿಸಿದವಳು ಬಂದಿದ್ದರೆ ಬಟಾಟೆಯ ಕಥೆಯನ್ನು ಮೊದಲು ಅವಳಿಗೇ ಹೇಳು. ಬಿಸಿ ಆರುವ ಮೊದಲು ತಿನ್ನುವುದನ್ನು ಮರೆಯಬೇಡ, ಹತ್ತು ನಿಮಿಷ ಕಳೆದರೆ ಮೆತ್ತಗಾಗುತ್ತದೆ.

ಭಾನುವಾರ ಬಿಡುವಿದ್ದರೆ ನಮ್ಮ ಮನೆಗೆ ಬಾ. ಶನಿವಾರದ ಸಂತೆಯಿಂದ ಬಿಂಟ್ಯೆ ತಂದಿಟ್ಟಿರುತ್ತೇನೆ, ಹೆಚ್ಚುವ ಕೆಲಸ ನಿನ್ನದು.

ನಿನ್ನ ಅಕ್ಕ